ಊರಿಲ್ಲದ ನೀರು

ಗುತ್ತಲು ರಸ್ತೆಯ ಜವರಮ್ಮನ ಮೆಸ್ಸಿನಿಂದ
ಬೆಳಿಗ್ಗೆ ಆರೂವರೆಗೇ ಫೋನು:
"ಬಾರ್ಲಾ, ನಿನ್ ಮಿಷಿನ್ನ ಬಿಚ್ಕಂಡ್ ಓಗು."

ಹೋದೆ. ಬ್ಯಾಗಿನಲ್ಲಿ ಸ್ಪ್ಯಾನರು, ಬಿಳಿ ಟೇಪು,
ಎರಡು ಕ್ಯಾಂಡಲ್ಲು, ಪೆನ್ನಿನಂಥ ಮೀಟರು.
ಮುದ್ದೆ ತೊಳಸುವ ಹುಡುಗ ನನ್ನ ನೋಡಿ ನಕ್ಕ,
ಬೈಗುಳ ಎಷ್ಟು ಉಳಿದಿದೆ ಎಂದು ಗೊತ್ತಿದ್ದವನಂತೆ.

"ಕುಡ್ದು ನೋಡು." ಕುಡಿದೆ.
"ಏನಯ್ತೆ?"
"ಏನೂ ಇಲ್ಲ ಜವರಮ್ಮ."
"ಅದ್ಕೇ ಕರ್ದಿದ್ದು. ಉಪ್ಸಾರ್ ಮಾಡುದ್ರೆ
ಉಪ್ಪು ಬ್ಯಾರೆ ನಿಂತ್ಕತದೆ, ಸೊಪ್ಪು ಬ್ಯಾರೆ.
ಈ ನೀರ್ಗೆ ಊರೇ ಇಲ್ಲ ಕಣ್ಲಾ."

ಬೋರಿನ ನೀರಿಗೆ ಮೀಟರು ಅದ್ದಿದೆ:
ಸಾವಿರದ ನೂರ ನಲವತ್ತು.
ಮಿಷಿನ್ನಿನ ನೀರಿಗೆ: ಹದಿನೆಂಟು.
ಹದಿನೆಂಟು ಬಂದರೆ ನಮ್ಮ ಮ್ಯಾನೇಜರು ಬೆನ್ನು ತಟ್ಟುತ್ತಾರೆ.
ಅಂಕಿ ತೋರಿಸಿದೆ.
ಅವಳು ಕನ್ನಡಕ ಹುಡುಕಲಿಲ್ಲ.

ಹಾಕಿಸಿದ್ದೇ ಕೋರ್ಟಿನ ಗುಮಾಸ್ತರ ಕಾಟಕ್ಕೆ,
"ಫಿಲ್ಟರ್ ನೀರು ಇಲ್ವಾ?" ಎಂದು ಮೂಗು ಮುರಿಯುವವರು.
ಹನ್ನೆರಡು ಕಂತು. ಇನ್ನೂ ಐದು ಬಾಕಿ.

"ನಮ್ಮವ್ವ ಬೂದನೂರಲ್ಲಿ
ಚಿಲ್ಲದ ಬೀಜ ತೇದು ಗಡಗೆ ಒಳಕ್ಕೆ ಸವರೋಳು,
ಸೀರೆ ನಾಕ್ ಮಡಿಕೆ ಮಡ್ಚಿ ಸೋಸೋಳು.
ಮಣ್ಣು ತಳಕ್ಕೆ ಓಗದು, ರುಚಿ ಮೇಲೇ ಉಳ್ಕಳದು.
ನಿನ್ ಮಿಷಿನ್ಗೆ ಅಷ್ಟೂ ಗೊತ್ತಿಲ್ವಾ?"

ಜೇಬಿನಲ್ಲಿ ಫೋನು ನಡುಗಿತು, ಆಸ್ಪತ್ರೆಯದು.
ನಾಳೆ ಬರುತ್ತೇನೆ ಎಂದೆ.

ಡಯಾಲಿಸಿಸ್ ಕೋಣೆಯ ಗೋಡೆಯಾಚೆ
ನನ್ನ ದೊಡ್ಡ ಸಂಸಾರ:
ಮರಳಿನ ಹಂಡೆ, ಇದ್ದಿಲಿನ ಹಂಡೆ, ಉಪ್ಪು ತಿನ್ನುವ ರಾಳದ ಹಂಡೆ,
ಮಲಗಿಸಿಟ್ಟ ಮೆಂಬ್ರೇನುಗಳು.
ಇಲ್ಲಿ ನೀರಿಗೆ ಊರು ಇರಕೂಡದು.
ಕ್ಲೋರಿನ್ ಪಟ್ಟಿಯ ಬಣ್ಣ ತಿರುಗಿದರೆ
ಎಲ್ಲ ನಿಲ್ಲಿಸಿ ಕೂಗಬೇಕು.
ಇದು ಗಂಟಲಿಗೆ ಹೋಗುವ ನೀರಲ್ಲ,
ತೆಳ್ಳನೆಯ ಪರದೆಯಾಚೆ ನೆತ್ತರಿನ ಪಕ್ಕದಲ್ಲೇ ಹರಿಯುವುದು.

ನಾಲ್ಕನೇ ಮಂಚ ಇನಾಯತುಲ್ಲಾ ಸಾಹೇಬರದು,
ಮೂವತ್ತು ವರ್ಷ ಬನ್ನೂರು-ಮಳವಳ್ಳಿ ಬಸ್ಸಿನ ಕಂಡಕ್ಟರು.
ಈಗ ದಿನಕ್ಕೆ ಮೂರು ಲೋಟ ಅವರ ಲೆಕ್ಕ.
ಗೋಡೆಯಾಚೆ, ಅವರೊಬ್ಬರಿಗೆಂದೇ,
ನೂರಿಪ್ಪತ್ತು ಲೀಟರು ಹಾಯಿಸಿ ಮೋರಿಗೆ ಬಿಡುತ್ತೇನೆ.

"ನೀನು ಮಾಡೋ ನೀರು ಹೆಂಗಿರುತ್ತಪ್ಪಾ?"
"ಏನೂ ಇರಲ್ಲ ಸಾಹೇಬ್ರೆ."
"ಒಳ್ಳೇದು," ಎಂದು ಕಣ್ಣು ಮುಚ್ಚಿದರು.
ಆಮೇಲೆ, ಯಾರೂ ಕೇಳದೆ, ಸ್ಟಾಪು ಕೂಗುವ ದನಿಯಲ್ಲಿ:
"ಬನ್ನೂರು, ಹೊಳೆ ವಾಸನೆ.
ಕಿರುಗಾವಲು, ಸಿಹಿ, ಮಸೀದಿ ಹತ್ರದ ನಲ್ಲೀದು.
ಮಳವಳ್ಳಿ ಸ್ಟ್ಯಾಂಡು, ಒಗರು, ಆದರೆ ತಣ್ಣಗೆ..."
ನರ್ಸು ಬಂದು ಬಿಪಿ ನೋಡಿದಳು.
ನಾನು ಪಟ್ಟಿ ಹಿಡಿದುಕೊಂಡು ಹಾಗೇ ನಿಂತಿದ್ದೆ,
ಇಳಿಯಬೇಕಾದ ಸ್ಟಾಪು ಮರೆತವನಂತೆ.

ಮಿಷಿನ್ನಿನ ಬೆನ್ನಿಗೆ ಸಣ್ಣದೊಂದು ತಿರುಪು ಇದೆ.
ಮಾರುವಾಗ ಅದನ್ನು ನಾವು ತೋರಿಸುವುದಿಲ್ಲ.
ಮರುದಿನ ಜವರಮ್ಮನೆದುರು ಅದನ್ನು ತಿರುಗಿಸಿದೆ,
ಕೂದಲೆಳೆಯಷ್ಟು.
ನೆಲದ ನೀರು ಒಂದಿಷ್ಟು,
ನೀಲಿ ದೀಪದ ಮುಂದೆ ಹಾಯ್ದು, ಕೂಡಿಕೊಂಡಿತು.
ಮೀಟರು ನನ್ನ ಕೈಲಿ, ಲೋಟ ಅವಳ ಕೈಲಿ.
ಮೂವತ್ತೈದು. "ಊಹೂಂ."
ಎಪ್ಪತ್ತು. "ಇನ್ನೊಸಿ ಬುಡು."
ನೂರ ಮೂವತ್ತೆರಡಕ್ಕೆ ಅವಳು
ಬಾಯಲ್ಲಿ ನೀರು ಹಿಡಿದೇ ಕೈಯೆತ್ತಿದಳು.

ಆಮೇಲೆ ಅವಳ ಕಣ್ಣು ಹೊರಗಿನ ಪೈಪಿಗೆ ಬಿತ್ತು.
"ಇದೆಲ್ಲಿಗ್ ಓಯ್ತದೆ?"
ಒಂದು ಪಾಲು ಒಳಗೆ, ಎರಡು ಪಾಲು ಹೊರಗೆ, ಎಂದೆ.
"ಅಷ್ಟೂ ಊರು ಮೋರಿಗಾ?"
ಪೈಪು ಎಳೆದು ಪಾತ್ರೆ ತೊಳೆಯುವ ತೊಟ್ಟಿಗೆ ಇಳಿಬಿಟ್ಟಳು.

ಎಲೆ ಹಾಕಿಸಿದಳು. ಮುದ್ದೆ, ಉಪ್ಸಾರು, ಗಟ್ಟಿ ಖಾರ.
ದುಡ್ಡು ತೆಗೆದುಕೊಳ್ಳಲಿಲ್ಲ.
ಕಂತಿನ ಮಾತೆತ್ತಿದರೆ ಕೇಳಿಸಲಿಲ್ಲ ಎಂಬಂತೆ
ಒಲೆ ಊದತೊಡಗಿದಳು, ಗ್ಯಾಸಿನ ಒಲೆ.