ಒಳಗೆ ಬಿಟ್ಟ ಒಂದಿಂಚು

ಈಗ ಮೂರು ಪರೀಕ್ಷೆಯಂತೆ, ಮುಕ್ತಾ.
ಪೋಷಕರ ಸಭೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ
ಒಂದು, ಎರಡು, ಮೂರು ಎಂದು ಬರೆದರು.
ಹಿಂದಿನ ಬೆಂಚಲ್ಲಿ ಕೂತು
ಯಾರದೋ ಅಳತೆ ಚೀಟಿಯ ಬೆನ್ನಿಗೆ ಇಳಿಸಿಕೊಂಡೆ.
ಅರ್ಥವಾದದ್ದು ಅರ್ಧ.

ದುರ್ಗಿಗುಡಿಯಿಂದ ನಡೆದು ಬಂದು
ಕೇಳಿದ್ದು ಮಾತ್ರ ಹಳೆಯದೇ:
“ಎಷ್ಟು ಬಂತು?”
ನೀನು ತಟ್ಟೆಯ ಅನ್ನದಲ್ಲಿ ಗೆರೆ ಎಳೆಯುತ್ತ
“ಇನ್ನೂ ಪೇಪರ್ ಕೊಟ್ಟಿಲ್ಲ” ಅಂದೆ.

ಕೊಟ್ಟಿದ್ದರು.
ಗಾಂಧಿ ಬಜಾರಿನ ಅಂಗಡಿಯಲ್ಲಿ
ನೀನೇ ಜೋಡಿಸಿಟ್ಟ ಲೈನಿಂಗ್ ಬಟ್ಟೆಗಳಡಿ ಸಿಕ್ಕಿತು.
ಗಣಿತ. ಇಪ್ಪತ್ತೊಂದು.
ಬೈಗುಳ ನಾಲಿಗೆಯ ತುದಿಗೇ ಬಂದಿತ್ತು.
ಆದರೆ ಎಷ್ಟು ಚೊಕ್ಕವಾಗಿ ಮಡಿಸಿದ್ದೆ,
ಅಂಚಿಗೆ ಅಂಚು ಕೂಡಿಸಿ,
ನಾನೇ ಕಲಿಸಿದ ಹಾಗೆ.

ಏಳನೇ ಕ್ಲಾಸಿಗೇ ಕತ್ತರಿ ಹಿಡಿದವನು,
ವರ್ಗ ಸಮೀಕರಣ ನನಗೆ ಬಾರದು.
ಬರುವುದಿಷ್ಟು: ಮೊದಲ ಸಲ ತೊಟ್ಟು
ಗಿರಾಕಿ ತೋಳು ಬಿಗಿ ಅಂದರೆ
ಬಟ್ಟೆಗೆ ಯಾರೂ ಬಯ್ಯುವುದಿಲ್ಲ.
ಹೊಲಿಗೆ ಬಿಚ್ಚುತ್ತೇವೆ.
ಅದಕ್ಕೆಂದೇ ಒಳಗೆ ಒಂದಿಂಚು ಬಿಟ್ಟಿರುತ್ತೇವೆ.

ರಾತ್ರಿ ಪುಸ್ತಕ ಕೊಡು ನನ್ನ ಕೈಗೆ.
ನೀನು ಹೇಳುತ್ತ ಹೋಗು,
ನಾನು ಸಾಲಿನ ಕೆಳಗೆ ಬೆರಳಿಟ್ಟು ಬರುತ್ತೇನೆ.
ತಪ್ಪಿದಲ್ಲಿ ಒಂದು ಸೀಮೆಸುಣ್ಣದ ಗುರುತು ಅಷ್ಟೆ,
ಒದ್ದೆ ಕೈ ಸೋಕಿದರೆ ಹೋಗುವಂಥದ್ದು.
ಹತ್ತಕ್ಕೆ ಮಲಗು.
ಮಿಷನ್ನಿನ ಸದ್ದು ನಿಲ್ಲಿಸುತ್ತೇನೆ,
ಆ ಮದುವೆಯವರ ರವಿಕೆಗಳು ಕಾಯಲಿ.

ಪೇಪರು ಇದ್ದಲ್ಲೇ ಇಟ್ಟಿದ್ದೇನೆ,
ಅದೇ ಮಡಿಕೆಯಲ್ಲಿ.
ನೀನಾಗಿಯೇ ತಂದು ತೋರಿಸುವ ತನಕ
ನನಗೇನೂ ಗೊತ್ತಿಲ್ಲ.