ಮೂರನೆಯದು

ಸೆಘೆ ಬಿಟ್ಟು ಅರ್ಧ ದಾರಿ. ಮರೋವೊ ಲಗೂನಿನ ನಟ್ಟನಡುವೆ
ನನ್ನ ನಲವತ್ತು ಕುದುರೆಶಕ್ತಿಯ ಮೋಟಾರು ಕುಂಟತೊಡಗಿತು.
ಕೆಟ್ಟು ನಿಂತಿದ್ದರೆ ಬೈದು ಸುಮ್ಮನಾಗಬಹುದಿತ್ತು. ನಿಲ್ಲಲಿಲ್ಲ.
ಧಡ್ ಧಡ್, ಆಮೇಲೊಂದು ಖಾಲಿ, ಮತ್ತೆ ಧಡ್ ಧಡ್,
ಹಲ್ಲು ಬಿದ್ದ ಹುಡುಗ ಮಗ್ಗಿ ಒಪ್ಪಿಸಿದ ಹಾಗೆ.

ದೋಣಿಯಲ್ಲಿ ನಾಲ್ಕು ಮೂಟೆ ಅಕ್ಕಿ, ಒಂದು ಹಂದಿಮರಿ,
ಹೆರಿಗೆ ಮುಗಿಸಿ ಮನೆಗೆ ಹೊರಟ ನೆಲ್ಮಾ,
ಅವಳ ಮಡಿಲಲ್ಲಿ ಇನ್ನೂ ಹೆಸರಿಡದ ಒಂಬತ್ತು ದಿನದ ಕೂಸು.
ಮೂತಿ ಎತ್ತಲಾರದ ದೋಣಿ ನೀರನ್ನು ಎದೆಯಿಂದ ನೂಕುತ್ತ
ಚೆಯಾದ ಕಟ್ಟೆ ಮುಟ್ಟುವಾಗ ಹೊತ್ತು ಮೂರು ಗಂಟೆ.

ರಿಲೀನ್ ಬಂದಳು, ಕೈಯಲ್ಲಿ ಸ್ಪ್ಯಾನರು, ಸೊಂಟದಲ್ಲಿ ಚಿಂದಿಬಟ್ಟೆ.
"ಬಾಯ್ಮುಚ್ಚು" ಎಂದಳು. ನಾನು ಮಾತೇ ಆಡಿರಲಿಲ್ಲ.
ಹಂದಿಮರಿಗೆ ಹೇಳಿದ್ದು.

ಪ್ರತಿ ಸಲವೂ ಮೋಟಾರು ನಿಲ್ಲಿಸಿ, ಒಂದು ತಂತಿ ಬಿಡಿಸಿ,
ಅದಕ್ಕೊಂದು ಹಳೆಯ ಪ್ಲಗ್ಗು ಸಿಕ್ಕಿಸಿ ಎಂಜಿನ್ನಿನ ಮೈಗೆ ತಾಗಿಸಿಟ್ಟು,
ಮತ್ತೆ ಹಗ್ಗ ಎಳೆದು, ಕಣ್ಣು ಮುಚ್ಚಿ ಕೇಳಿದಳು.
ಮೊದಲನೆಯದು ಬಿಡಿಸಿದಾಗ ಮೋಟಾರು ಮುಗ್ಗರಿಸಿ ಸಾಯುವಂತಾಯಿತು.
ಎರಡನೆಯದಕ್ಕೂ ಅದೇ ಪಾಡು.
ಮೂರನೆಯದು ಬಿಡಿಸಿದಳು.
ಏನೂ ಆಗಲಿಲ್ಲ.
ಇದ್ದ ಹಾಗೇ ಕುಂಟುತ್ತಿತ್ತು.
"ಇವನೇ" ಎಂದಳು. "ತೆಗೆದರೂ ಗೊತ್ತಾಗದವನು."

ಹೊನಿಯಾರಾದ ಬಂದರಿನಲ್ಲಿ ಏಳು ತಿಂಗಳು ಮರದ ದಿಮ್ಮಿ ಏರಿಸಿ
ಹೋದ ವಾರ ನಾನು ಮನೆಗೆ ಬಂದಾಗ ಮೀನು ಸೀಳುತ್ತಿದ್ದ ತಂಗಿ
ತಲೆಯೆತ್ತದೆ ಕೇಳಿದ್ದಳು: "ಎಲ್ಲಿಗಾದರೂ ಹೋಗಿದ್ದೆಯಾ?"
ನಗುತ್ತಲೇ ಕೇಳಿದ್ದು. ಇರಬಹುದು.

ಆದರೆ ಹಳೆಯ ಪ್ಲಗ್ಗಿನ ತುದಿಯಲ್ಲಿ ಕಿಡಿ ಇತ್ತು, ನೀಲಿ, ಚುರುಕು.
ತೂತಿಗೆ ಹೆಬ್ಬೆರಳೊತ್ತಿ ಹಗ್ಗ ಎಳೆಯಲು ಹೇಳಿದಳು;
ಗಾಳಿ ಅವಳ ಬೆರಳನ್ನು ಉಗಿದು ಹೊರಹಾಕಿತು.
ಬೆಂಕಿ ಇದೆ, ಉಸಿರಿದೆ. ಇನ್ನೇನು ಬೇಕು?
ಅವನ ಪ್ಲಗ್ಗನ್ನು ನನ್ನ ಅಂಗೈಗೆ ಹಾಕಿದಳು.
ಉಳಿದೆರಡು ಕಂದು, ಜಿಡ್ಡು. ಇದು ಒಣಗಿ ಬಿಳಿಚಿತ್ತು.
"ಹೊಟ್ಟೆಗಿಲ್ಲ. ಪೆಟ್ರೋಲಿನ ಜೊತೆಗೇ ಆಯಿಲ್ಲೂ ಬರಬೇಕು.
ಇನ್ನೊಂದು ಗಂಟೆ ಓಡಿಸಿದ್ದರೆ ಗೋಡೆ ಗೀರಿಕೊಂಡು ಕಚ್ಚಿ ಕೂರುತ್ತಿದ್ದ."

ಎಲ್ಲಕ್ಕಿಂತ ಕೆಳಗಿನ ಕಾರ್ಬ್ಯುರೇಟರು ಬಿಚ್ಚಿದಳು.
ಅಕ್ಕಿಕಾಳಿನಷ್ಟು ಹಿತ್ತಾಳೆ ಜೆಟ್ಟನ್ನು ಬಿಸಿಲಿಗೆ ಹಿಡಿದಳು.
ಬೆಳಕು ತೂರಲಿಲ್ಲ.
ತಾಮ್ರದ ತಂತಿಯ ಒಂದೇ ಒಂದು ಎಳೆ ಬಿಡಿಸಿ
ಮೂಗುತಿ ಚುಚ್ಚುವವಳ ಎಚ್ಚರದಲ್ಲಿ ತೂರಿಸಿದಳು, ಊದಿದಳು,
ಕೆಮ್ಮಿದಳು, ಸಮುದ್ರಕ್ಕೆ ಉಗುಳಿದಳು.
ಉಗುರಿನ ಮೇಲೆ ಉಳಿದದ್ದು ಹಸಿರುಹಳದಿ ಅಂಟು,
ಹಳಸಿದ ಪೆಟ್ರೋಲು ಕಟ್ಟಿದ ಗೋಂದು.
"ಎಷ್ಟು ದಿನ ನಿಲ್ಲಿಸಿದ್ದೆ ಇದನ್ನ?"
"ಏಳು ತಿಂಗಳು."
"ಗೊತ್ತಾಗುತ್ತೆ" ಎಂದಳು.

ಮತ್ತೆ ಬಿಸಿಲಿಗೆ ಹಿಡಿದು ನನಗೂ ತೋರಿಸಿದಳು:
ಸೂಜಿಮೊನೆಯಷ್ಟು ಆಕಾಶ.

ನೆಲ್ಮಾ ದಡದಲ್ಲಿ ಕೂತು ಕೂಸಿಗೆ ಹಾಲೂಡಿಸುತ್ತಿದ್ದಳು.
ಕೂಲಿಯೆಂದು ಎರಡು ಪಾವು ಅಕ್ಕಿ ತೆಗೆದುಕೊಂಡು ರಿಲೀನ್,
"ಮುಂದೆ ಎಲ್ಲಾದರೂ ಹೋಗುವುದಾದರೆ
ಪೆಟ್ರೋಲು ಖಾಲಿ ಮಾಡಿ ಹೋಗು" ಎಂದಳು.
ಹೋಗುವುದಿಲ್ಲ ಎನ್ನಲು ಬಾಯಿ ತೆರೆದೆ,
ಅಷ್ಟರಲ್ಲಿ ಅವಳೇ ಹಗ್ಗ ಎಳೆದಳು.

ಧಡ್ ಧಡ್ ಧಡ್.
ಹಂದಿಮರಿ ಅರಚಿದ್ದು ಯಾರಿಗೂ ಕೇಳಲಿಲ್ಲ.