ತೊಂಬತ್ತೇಳೂವರೆ

ಐಸ್ ತರಲು ಪಾಲಯ್ಯ ಸೈಕಲ್ಲೇರಿ ಸಂತೆಹೊಂಡದ ಕಡೆ ಹೋಗಿದ್ದಾನೆ,
ಮೀನಿನಂಗಡಿಯದು ಬೇಡ, ಉಪ್ಪು ಸೇರಿರುತ್ತೆ ಎಂದು
ನಾನು ಹೇಳುವ ಮೊದಲೇ ತಾನೇ ಹೇಳಿ.
ಸೋಡಾ ಫ್ಯಾಕ್ಟರಿಯ ಸಾಬರು ಒಂದು ಗಡ್ಡೆ ಕೊಡುತ್ತಾರೆ, ಗೋಣಿತಾಟಿನಲ್ಲಿ ಸುತ್ತಿ.

ಪರೀಕ್ಷೆಗೆ ಇನ್ನು ನಾಲ್ಕು ದಿನ.
ಮೇಜಿನ ಮೇಲೆ ಹತ್ತಿ ಹಾಸಿ ಮಲಗಿಸಿದ್ದೇನೆ ಇಪ್ಪತ್ತೆರಡು ಥರ್ಮಾಮೀಟರು.
ಪಾದರಸದವು ಹದಿನಾಲ್ಕು, ಕೆಂಪು ಸ್ಪಿರಿಟ್ಟಿನವು ಏಳು,
ಇನ್ನೊಂದು ಹೊಸದು, ಬ್ಯಾಟರಿಯದು, ಉಕ್ಕಿನ ಮೂಗಿನದು;
ತನ್ನ ಸರ್ಟಿಫಿಕೇಟನ್ನು ತಾನೇ ಹೊತ್ತು ಬಂದಿದೆ,
ಹೆಣ್ಣು ನೋಡಲು ಜಾತಕ ಹಿಡಿದು ಬಂದವರಂತೆ.
ಜ್ವರ ನೋಡುವುದೂ ಒಂದಿತ್ತು ಡ್ರಾಯರಿನಲ್ಲಿ. ಅದರ ಕತ್ತು ಸಣ್ಣ,
ಏರಿದ್ದನ್ನು ಕೊಡವದ ಹೊರತು ಇಳಿಸುವುದಿಲ್ಲ.
ಅದನ್ನು ಈ ಪಂಕ್ತಿಯಲ್ಲಿ ಕೂರಿಸುವಂತಿಲ್ಲ.

ಐಸು ಬಂತು. ಟವೆಲಿನಲ್ಲಿ ಕಟ್ಟಿ
ಕುಟ್ಟಿದ ಚೂರು, ಅದರದ್ದೇ ನೀರು,
ಬುರುಡೆ ಪೂರ್ತಿ ಒಳಗೆ, ಸೊನ್ನೆಯ ಗೆರೆ ಮಾತ್ರ ಹೊರಗೆ.
ಕಾಯಬೇಕು. ಪಾದರಸಕ್ಕೆ ಅವಸರವಿಲ್ಲ, ಸ್ಪಿರಿಟ್ಟಿಗೆ ಇನ್ನೂ ಇಲ್ಲ,
ಗಾಜಿನ ಗೋಡೆಗೆ ಅಂಟಿಕೊಂಡೇ ಜಾರುತ್ತದೆ
ಹಾಜರಿಗೆ ತಡವಾದ ಹಿಂದಿನ ಬೆಂಚಿನ ಹುಡುಗನಂತೆ.
ಕಣ್ಣು ಗೆರೆಯ ಮಟ್ಟಕ್ಕೇ ಇರಬೇಕು. ಪಾಲಯ್ಯ ಮಂಡಿಯೂರುತ್ತಾನೆ.
ದೇವರಿಗೂ ನಾನಿಷ್ಟು ಬಗ್ಗಿಲ್ಲ ಮೇಡಂ, ಅನ್ನುತ್ತಾನೆ.

ಮೂರನೆಯದು, ಸೊನ್ನೆ. ನಾಲ್ಕು, ಸೊನ್ನೆ.
ಏಳು, ಸೊನ್ನೆಯ ಮೇಲೆ ಅರ್ಧ ಗೀಟು.
ಹನ್ನೊಂದರ ಎಳೆ ನಡುವೆ ಕಡಿದಿದೆ, ಕೂದಲಷ್ಟು ಬಯಲು;
ಐಸಿಗೆ ಉಪ್ಪು ಬೆರೆಸಿ ಅದನ್ನು ಬುರುಡೆಗೆ ಇಳಿಸಿದರೆ
ಒಳಗೇ ಕೂಡಿಕೊಂಡು, ಏನೂ ಆಗಿಲ್ಲವೆಂಬಂತೆ ಮೇಲೇಳುತ್ತದೆ.

ಆಮೇಲೆ ಹಬೆ.
ತಾಮ್ರದ ಹಿಪ್ಸೋಮೀಟರು, ಬೆಂದ ಕಾರ್ಕಿನ ವಾಸನೆ.
ಏರುತ್ತದೆ, ತೊಂಬತ್ತು, ತೊಂಬತ್ತೈದು,
ತೊಂಬತ್ತೇಳೂವರೆಗೆ ಬಂದು ನಿಂತುಬಿಡುತ್ತದೆ.
ಎಷ್ಟು ಉರಿ ಕೊಟ್ಟರೂ ಅಷ್ಟೆ.

ಹೋದ ವರ್ಷ ಮಂಗಳೂರಿನಿಂದ ಬಂದಿದ್ದ ಪರೀಕ್ಷಕ ಶೆಣೈಯವರು
ಹಬೆಯೆಂದರೆ ನೂರಲ್ಲವೋ ಮಾರಾಯ್ರೆ, ಎಂದು
ಮಾರಕ್ಕನ ಹಾಳೆಗೆ ಕೆಂಪು ಸುತ್ತು ಹಾಕಿದ್ದರು.
ಉಳಿದವರೆಲ್ಲ ಪುಸ್ತಕ ನೋಡಿ ನೂರು ಬರೆದಿದ್ದರು.
ಮಾರಕ್ಕ ಕೊಳವೆ ನೋಡಿ ಬರೆದಿದ್ದಳು.
ನಾನು ಬಾಯಿ ತೆರೆಯುವಷ್ಟರಲ್ಲಿ, ಬೀಕರು ತೊಳೆಯುತ್ತಿದ್ದ ಪಾಲಯ್ಯ
ತಿರುಗದೆಯೇ ಅಂದ:
ಕೊಳವೆ ಸರಿ ಐತೆ ಸಾರ್. ನೀರೂ ಸರಿ ಐತೆ.
ನಮ್ಮೂರು ಒಂದಿಷ್ಟು ಎತ್ತರದಾಗೈತೆ, ಅಷ್ಟೇಯಾ.

ಗೋಡೆಯ ಬ್ಯಾರೋಮೀಟರಿನ ಬಳಿಗೆ ಶೆಣೈ ತಾವೇ ನಡೆದರು.
ಆರುನೂರ ತೊಂಬತ್ತಾರು ಮಿಲಿಮೀಟರು.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.
ಕಿಟಕಿಯಾಚೆ ಕೋಟೆಯ ಬಂಡೆ, ಜೋಗಿಮಟ್ಟಿಯ ಗಾಳಿ,
ದೂರದಲ್ಲಿ ತಿರುಗುವ ಬಿಳಿ ರೆಕ್ಕೆ.
ಕಡಲಿನವರಿಗಿಂತ ನಮ್ಮ ತಲೆಯ ಮೇಲೆ ಅಷ್ಟು ಆಕಾಶ ಕಡಿಮೆ.
ಕೆಂಪು ಸುತ್ತನ್ನು ಅಳಿಸಲು ಬರುವುದಿಲ್ಲ;
ಪಕ್ಕದಲ್ಲಿ ಸಹಿ ಹಾಕಿ, ಅಂಕ ತಿದ್ದಿದರು.

ಉಕ್ಕಿನ ಮೂಗಿನದೂ ಇವತ್ತು ಹೆಚ್ಚುಕಡಿಮೆ ಅದನ್ನೇ ಹೇಳಿತು,
97.6 ಎಂದು, ಮಿನುಗುತ್ತ.
ಪಾಲಯ್ಯನಿಗೆ ಅದರ ಮೇಲೆ ಅಂಥ ನಂಬಿಕೆಯಿಲ್ಲ,
ಸೆಲ್ಲು ಮುಗಿಯೋವಾಗ ಏನಂತದೋ ಯಾರಿಗ್ಗೊತ್ತು.
ಒಂದೊಂದರ ಕೊರಳಿಗೂ ಬಿಳಿ ದಾರ ಕಟ್ಟಿ ಚೀಟಿ ಬರೆಯುತ್ತಾನೆ,
ತಿದ್ದುಪಡಿ, ತಾರೀಖು, ನನ್ನ ರುಜುವಿಗೆ ಜಾಗ.
ಏಳನೆಯದರ ಚೀಟಿಯ ಹಿಂದೆ, ಪೆನ್ಸಿಲ್ಲಿನಲ್ಲಿ, ನಾನು ಹೇಳಿಕೊಡದ್ದು:
ಚಳಿಯಾಗೆ ಅರ್ಧ ಗೀಟು ಜಾಸ್ತಿ ಹೇಳತದೆ. ಬಿಸಿಯಾದ್ರೆ ನಿಜ.